ಎಂಟು ದಿನ ನಡೆದ ಎಳ್ಳಮಾವಾಸ್ಯೆ

ಹೋದ ವಾರ ಗೆಳತಿಯ ಮರಿಮಗಳ ಹೆಸರಿಡುವ ಕಾರ್ಯಕ್ರಮಕ್ಕೆಂದು ಅಫಜಲಪುರಕ್ಕೆ ಹೊರಟಿದ್ದೆ. ಭೂಸನೂರು ಹತ್ತಿರವಾದಂತೆ ಬಸ್ಸಿನ ಕಿಟಕಿಯಿಂದ ಆ ವಾಸನೆ ಒಳಗೆ ನುಗ್ಗಿತು. ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಕುದಿಯುವ ವಾಸನೆ. ಅರ್ಧ ಬೆಲ್ಲ, ಅರ್ಧ ಹೊಗೆ, ಅದರ ಹಿಂದೆಯೇ ಒಂದಿಷ್ಟು ಹುಳಿ. ಪಕ್ಕದ ಸೀಟಿನ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು, "ಅಮ್ಮಾರ, ಜರಾ ಗ್ಲಾಸ್ ಎಳೀರಿ, ನಾರಾಕತ್ತದ" ಅಂದಳು.

"ಎರಡು ನಿಮಿಷ ಇರಲಿ ಬಿಡವಾ, ನನಗ ಇದು ಸೆಂಟ್ ಇದ್ದಂಗ" ಅಂದೆ.

ಮುದುಕಿಗೆ ತಲೆ ಸರಿ ಇಲ್ಲ ಎಂಬಂತೆ ನೋಡಿದಳು. ಪಾಪ, ಅವಳಿಗೇನು ಗೊತ್ತು? ರಸ್ತೆಯ ಬದಿಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಆ ಒಂದೊಂದು ಹೊರೆಯೂ ಯಾವುದೋ ಹೊಲದಿಂದ, ಯಾರದೋ ಬದುವಿನ ಮೇಲಿಂದ, ಯಾರೋ ಬಿಟ್ಟುಕೊಟ್ಟ ದಾರಿಯಿಂದ ಇಲ್ಲಿಯವರೆಗೆ ಬಂದಿದೆಯಲ್ಲ ಎಂದುಕೊಂಡೆ. ನಾಲ್ಕು ವರ್ಷದ ಹಿಂದಿನ ಒಂದು ಚಳಿಗಾಲ ನನ್ನ ಪಕ್ಕಕ್ಕೇ ಬಂದು ಕೂತಿತು.

ಆ ವರ್ಷ ದಸರೆ ಮುಗಿದ ಮೇಲೆ ನರೋಣಾದ ಹೈಸ್ಕೂಲಿನ ಹೆಡ್ ಮೇಡಂ ಫೋನ್ ಮಾಡಿದಳು. ಒಂದು ಕಾಲಕ್ಕೆ ಆಳಂದದ ಕಾಲೇಜಿನಲ್ಲಿ ನನ್ನ ಕೈಯಲ್ಲಿ ಇಂಗ್ಲಿಷ್ ಕಲಿತವಳು.

"ಮ್ಯಾಡಂ, ಮಾದರಿ ವಿಶ್ವಸಭೆ ಅಂತ ಒಂದು ಕಾಂಪಿಟಿಷನ್ ಬಂದದರಿ. ಮಕ್ಕಳು ಒಬ್ಬೊಬ್ಬರು ಒಂದೊಂದು ದೇಶ ಆಗಿ ಕೂತು, ಜಗಳ ಇಲ್ದ ಮಾತಾಡಿ, ಠರಾವು ಪಾಸ್ ಮಾಡ್ಬೇಕಂತ. ನಮ್ಮ ಹುಡುಗ್ಯಾರು ಬಸ್ಸಿನ ಸೀಟಿಗೆ ಹೊಡದಾಡ್ತಾರ, ಜಗತ್ತಿನ ಜಗಳ ಹೆಂಗ ಬಿಡಿಸ್ತಾರ್ರಿ? ನೀವ ಬರಬೇಕು ನೋಡ್ರಿ."

ನನ್ನ ವೀಕ್ನೆಸ್ ಅವಳಿಗೆ ಗೊತ್ತಿತ್ತು. ನಾನು ಹೈದರಾಬಾದಿನ ಕಾನ್ವೆಂಟಿನಲ್ಲಿ ಬೋರ್ಡಿಂಗಿನಲ್ಲಿದ್ದು ಓದಿದವಳು. ಅಲ್ಲಿ ಸಿಸ್ಟರ್ ಬರ್ನಡೀನ್ ಎಂಬ ಐರಿಷ್ ಹೆಂಗಸು ನಮಗೆ ಹಿಸ್ಟರಿ ಕಲಿಸುತ್ತಿದ್ದರು. ಯುದ್ಧದಲ್ಲಿ ಇಬ್ಬರು ಅಣ್ಣಂದಿರನ್ನು ಕಳೆದುಕೊಂಡವರು. ದೇಶಗಳು ಒಂದೇ ಮೇಜಿನ ಸುತ್ತ ಕೂತು, ಬರೆದ ಕಾನೂನಿಗೆ ತಲೆಬಾಗುವ ದಿನ ಬಂದೇ ಬರುತ್ತದೆ ಎಂದು ಅವರು ಹೇಳುವಾಗ ದನಿ ನಡುಗುತ್ತಿತ್ತು. ಹದಿಮೂರು ವರ್ಷದ ನಾನು ಆ ಮಾತನ್ನು ಚರ್ಚಿನಲ್ಲಿ ಕಮ್ಯೂನಿಯನ್ನಿನ ಪ್ರಸಾದ ತೆಗೆದುಕೊಂಡವರ ಹಾಗೆ ಒಳಗೆ ತೆಗೆದುಕೊಂಡೆ. ಆಮೇಲೆ ಇಡೀ ಬದುಕು ಪೇಪರಿನಲ್ಲಿ ಯುದ್ಧಗಳ ಸುದ್ದಿ ಓದಿದೆ. ನಂಬಿಕೆ ಮಾತ್ರ ಹೋಗಲಿಲ್ಲ. ನಮ್ಮ ಯಜಮಾನರು ಇರುವಷ್ಟು ದಿನ, "ಏನಂತಾಳ ನಿನ್ನ ವಿಶ್ವಶಾಂತಿ? ಆರಾಮ ಇದ್ದಾಳೇನು?" ಎಂದು, ಸವತಿಯ ಯೋಗಕ್ಷೇಮ ಕೇಳಿದಂತೆ ಕೇಳುತ್ತಿದ್ದರು.

ಹೀಗಾಗಿ ವಾರಕ್ಕೆ ಮೂರು ದಿನ ಆಳಂದದಿಂದ ನರೋಣಾಕ್ಕೆ ಬಸ್ಸು. ಮಳೆ ಹಿಂದೆ ಸರಿದು ಆಕಾಶ ಒಗೆದು ಹಾಕಿದಂತಿತ್ತು. ತೊಗರಿ ಹೂ ಬಿಟ್ಟು ಹೊಲವೆಲ್ಲ ಹಳದಿ. ಎಂಟು ಮಕ್ಕಳು, ಒಂದು ಖಾಲಿ ಕ್ಲಾಸ್‌ರೂಮು, ಚೌಕಾಕಾರಕ್ಕೆ ಜೋಡಿಸಿದ ಬೆಂಚುಗಳು. ಸ್ಪರ್ಧೆ ನಡೆಸುವವರು ವಿಷಯ ಕೊಟ್ಟು ಕಳಿಸಿದ್ದರು. ಗಿರಿದೇಶ ಎಂಬುದೊಂದು ದೇಶ, ಸುತ್ತಲೂ ಬರೀ ನೆಲ, ಸಮುದ್ರವೇ ಇಲ್ಲ. ಇಂಗ್ಲಿಷಿನಲ್ಲಿ ಲ್ಯಾಂಡ್‌ಲಾಕ್ಡ್ ಅನ್ನುತ್ತೇವಲ್ಲ, ಅದು. ಪಕ್ಕದಲ್ಲಿ ಸಾಗರದೇಶ. ಗಿರಿದೇಶದ ಸರಕು ಬಂದರಿಗೆ ಹೋಗಬೇಕಾದರೆ ಸಾಗರದೇಶದ ನೆಲ ದಾಟಬೇಕು. ಸಾಗರದೇಶ ದಾರಿ ಮುಚ್ಚಿದೆ. ಈಗ ಜಗತ್ತಿನ ದೇಶಗಳು ಕೂತು ಏನು ಮಾಡಬೇಕು?

ನಾನು ಇದನ್ನು ಓದಿ ಹೇಳಿದಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕೆಂದರು. ಭಾಗ್ಯಶ್ರೀ ಎಂಬ ಹುಡುಗಿ ತಲೆ ತಗ್ಗಿಸಿದಳು. ಅಂಬಿಕಾ ಎಂಬವಳು ಕಿಟಕಿಯ ಹೊರಗೆ ನೋಡಿದಳು.

"ವಾಟ್ಸ್ ಸೋ ಫನ್ನಿ?" ಅಂದೆ.

ಮೆಹಜಬೀನ್ ಎದ್ದು ನಿಂತಳು. ಗುಂಪಿನಲ್ಲಿ ಎಲ್ಲರಿಗಿಂತ ಗಿಡ್ಡಿ, ಬಾಯಿ ಎಲ್ಲರಿಗಿಂತ ದೊಡ್ಡದು. "ಅಕ್ಕೋರ, ಇದು ನಮ್ಮೂರಿನ ತಕರಾರೇ ಅದರಿ. ಈ ಅಂಬಿಕಾನ ಹೊಲ ಗಿರಿದೇಶ, ಈ ಭಾಗ್ಯಾನ ಹೊಲ ಸಾಗರದೇಶ. ಇವರಾಯಿ ದಾರಿಗಿ ಮುಳ್ಳು ಹಚ್ಯಾಳ."

ನಿಜವಿತ್ತು. ಅಂಬಿಕಾಳ ಅಪ್ಪ ಸಿದ್ದಣ್ಣನ ಹೊಲ ಒಳಗಡೆ. ಅದಕ್ಕೂ ದೊಡ್ಡ ರಸ್ತೆಗೂ ನಡುವೆ ಭಾಗ್ಯಾಳ ಅಜ್ಜಿ ಕಾಶಮ್ಮಾಯಿಯ ಕಡಲೆ ಹೊಲ. ಬದುವಿನ ಗುಂಟ ಒಂದು ಬಂಡಿ ಹಾಯುವಷ್ಟು ದಾರಿ, ಅದರ ಬಾಯಿಗೆ ಜಾಲಿ ಮುಳ್ಳಿನ ದೊಡ್ಡ ಹೊರೆ. ಮುಳ್ಳು ಬಿದ್ದಾಗಿನಿಂದ ಸಿದ್ದಣ್ಣ ತನ್ನ ತೊಗರಿಯನ್ನು ಹಳ್ಳದಲ್ಲಿಳಿದು ತಲೆಹೊರೆಯಲ್ಲೇ ಸುತ್ತುಬಳಸಿ ತರುತ್ತಿದ್ದ. ಬಾವಿಗೆ ನೀರು ಬಂತೆಂದು, ಇನ್ನೇನು ಕೋರ್ಟಿನಲ್ಲಿ ದಾರಿಯ ಫೈಸಲಾ ಆಗುತ್ತದೆಂಬ ಧೈರ್ಯದ ಮೇಲೆ, ಅದೇ ಮೊದಲ ಸಲ ಕಬ್ಬು ಹಚ್ಚಿದ್ದ. ಫೈಸಲಾ ಆಗಲಿಲ್ಲ, ಕಬ್ಬು ಆಳೆತ್ತರ ಬೆಳೆಯಿತು. ಕಬ್ಬನ್ನು ತಲೆಯ ಮೇಲೆ ಹೊತ್ತು ಹಳ್ಳ ದಾಟಿಸಲು ಆಗುತ್ತದೆಯೇ? ಆ ದಾರಿ ತೆರೆಯದಿದ್ದರೆ ಎರಡು ಎಕರೆ ಕಬ್ಬು ನಿಂತಲ್ಲೇ ಒಣಗಬೇಕು.

ದೇಶಗಳ ಚೀಟಿ ಎತ್ತಿಸಿದೆ. ನಸೀಬು ನೋಡಿ: ಅಂಬಿಕಾಗೆ ಸಾಗರದೇಶ ಬಂತು, ಭಾಗ್ಯಾಗೆ ಗಿರಿದೇಶ. ಮೆಹಜಬೀನ್‌ಗೆ ಅಧ್ಯಕ್ಷೆಯ ಕುರ್ಚಿ. ನನಗೇ ಒಂದು ಥರ ಆಗಿ, "ಬೇಕಾದರೆ ಅದಲುಬದಲು ಮಾಡಿಕೊಳ್ಳಿ" ಅಂದೆ.

"ಹಂಗೆಲ್ಲ ಇಲ್ಲರಿ ಅಕ್ಕೋರ," ಅಧ್ಯಕ್ಷೆ ಆಗಲೇ ಅಧಿಕಾರ ವಹಿಸಿಕೊಂಡಿದ್ದಳು. "ಚೀಟಿ ಅಂದ್ರ ಚೀಟಿ. ಏ ಭಾಗ್ಯಾ, ನಿನಗ ಸಮುದ್ರ ಇಲ್ಲ ಈಗ. ಅಳಬ್ಯಾಡ."

ಆ ಎರಡು ಹುಡುಗಿಯರು ಒಂದೇ ಕ್ಲಾಸಿನಲ್ಲಿದ್ದರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಈಗ ಪ್ರಾಕ್ಟೀಸಿನ ನೆಪದಲ್ಲಿ ಮಾತಾಡಲೇಬೇಕಾಯಿತು. "ಸಾಗರದೇಶದ ಮಾನ್ಯ ಪ್ರತಿನಿಧಿಗಳೇ" ಎಂದು ಭಾಗ್ಯಾ ಶುರು ಮಾಡುವಳು, ಕಣ್ಣು ನೆಲದ ಮೇಲೆ. ನಾನು ಅವರಿಗೆ ದೊಡ್ಡ ದೊಡ್ಡ ಮಾತು ಕಲಿಸಿದೆ. ಇನೊಸೆಂಟ್ ಪ್ಯಾಸೇಜ್ ಅಂತ ಒಂದು ಇದೆ, ಒಂದು ದೇಶದ ಹಡಗು ಇನ್ನೊಂದು ದೇಶದ ದಂಡೆಯ ನೀರಿನಲ್ಲಿ ಯಾರಿಗೂ ಕೇಡು ಮಾಡದೆ ಹಾದುಹೋದರೆ ಅದನ್ನು ತಡೆಯಬಾರದು ಎಂದು ದೇಶಗಳೆಲ್ಲ ಒಪ್ಪಿಕೊಂಡಿವೆ ಎಂದೆ.

ಅಂಬಿಕಾ ತಟ್ಟನೆ ಕೇಳಿದಳು: "ಹಡಗಿಗಿ ಇರೋದು ಬಂಡಿಗಿ ಯಾಕಿಲ್ರಿ?"

ಆ ಪ್ರಶ್ನೆ ಬಸ್ಸಿನಲ್ಲಿ ನನ್ನ ಜೊತೆಗೇ ಆಳಂದಕ್ಕೆ ಬಂತು. ಆಗ ನನಗೊಂದು ಹುರುಪು ಹತ್ತಿತು. ಈ ವಯಸ್ಸಿನ ಹುರುಪು ಡೇಂಜರಸ್. ಎರಡು ದಿನ ಕೂತು ಮೂರು ಪುಟದ ಒಪ್ಪಂದ ಬರೆದೆ. ಪೀಠಿಕೆ, ಕಲಂಗಳು, ಉಪಕಲಂಗಳು. "ಉಭಯ ಪಕ್ಷಗಳು ಸದರಿ ಮಾರ್ಗದ ಹಕ್ಕನ್ನು ಈ ಮೂಲಕ ಮಾನ್ಯ ಮಾಡಿ" ಎಂದೆಲ್ಲ. ಟೈಪ್ ಮಾಡಿಸಿ, ಹೆಡ್ ಮೇಡಂಳನ್ನು ಕರೆದುಕೊಂಡು ಕಾಶಮ್ಮಾಯಿಯ ಮನೆಗೆ ಹೋದೆ. ಸಿಸ್ಟರ್ ಬರ್ನಡೀನ್ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಎಂದುಕೊಂಡೇ ಹೋದೆ.

ಕಾಶಮ್ಮಾಯಿ ಎತ್ತರದ ಹೆಂಗಸು. ಹಣೆ ತುಂಬ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ. ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಟ್ಟಳು. ಒಪ್ಪಂದವನ್ನು ನಾನು ಪೂರಾ ಓದಿ ಹೇಳುವತನಕ ಕೈಯಲ್ಲಿ ಕಡಲೆ ಆರಿಸುತ್ತಲೇ ಇದ್ದಳು. ಓದಿ ಮುಗಿಸಿ ಪೆನ್ನು ಮುಂದೆ ಹಿಡಿದೆ.

"ಮುಗೀತೇನ್ರಿ?" ಅಂದಳು.

"ಮುಗೀತು ಆಯಿ. ಇಲ್ಲೊಂದು ದಸ್ಕತ್ತು."

"ಅಕ್ಕೋರ, ನೀವು ಶಾಣ್ಯಾರು. ನನಗ ಒಂದು ಹೇಳ್ರಿ. ನಮ್ಮ ಯಜಮಾನ್ರು ಆ ಸಿದ್ದ್ಯಾನ ಅಪ್ಪಗ ದಾರಿ ಬಿಟ್ಟಾಗ ಯಾವ ಕಾಗದ ಇತ್ತು? ಅವ ಬಂದು ಕೇಳ್ದ, ಇವರು ಹೋಗು ಅಂದ್ರು. ನಲವತ್ತು ವರ್ಷ ಬಂಡಿ ಹೊಡದ್ರು. ಆಮ್ಯಾಲ ಯಾವನೋ ವಕೀಲ ತಲಿ ಕೆಡಿಸಿದ. ಹಕ್ಕು ಅದ ಅಂತ ಕೇಸ್ ಹಾಕಿದ್ರು. ಯಜಮಾನ್ರು ಹಾಸಿಗ್ಯಾಗ ಬಿದ್ದಾಗ ಕೋರ್ಟಿನ ಮನಷ್ಯಾ ನೋಟಿಸ್ ತಂದು ಕೊಟ್ಟ. ಅದನ್ನ ಓದಿಸಿಕೊಂಡು ಕೇಳಿ, ಮೂರ್ ದಿನಕ್ಕ ಹೋದ್ರು. ಅವತ್ತ ಮುಳ್ಳು ಹಚ್ಚೇನಿ."

ಮುಂದೆ ಹಿಡಿದಿದ್ದ ಪೆನ್ನನ್ನು ಚೀಲಕ್ಕೆ ಹಾಕಿಕೊಂಡೆ.

"ಈಗ ನೀವೂ ಹಕ್ಕಂತ ಬರಕೊಂಡು ಬಂದೀರಿ. ಇದು ಎರಡನೇ ನೋಟಿಸು." ಮೂರೂ ಪುಟಗಳನ್ನು ಅಂದವಾಗಿ ಮಡಚಿ ನನ್ನ ಕೈಗೆ ಕೊಟ್ಟಳು. "ಚಹಾ ಆರ್‍ತದ, ಕುಡೀರಿ."

ಮರುದಿನ ಮುಳ್ಳಿನ ಹೊರೆ ಇಮ್ಮಡಿಯಾಗಿತ್ತು. ಸಿದ್ದಣ್ಣ ಶಾಲೆಯ ಗೇಟಿನ ಹತ್ತಿರ ನನ್ನನ್ನು ತಡೆದು ಕೈ ಮುಗಿದ. "ಅಕ್ಕೋರ, ನೀವು ಒಳ್ಳೇದಕ್ಕ ಮಾಡಿರಿ, ಖರೆ. ಆದ್ರ ಇನ್ನ ಏನೂ ಮಾಡಬ್ಯಾಡ್ರಿ." ಮನೆಗೆ ಬಂದು ನಾನು ಅತ್ತೆ. ಎಪ್ಪತ್ತೆರಡು ವರ್ಷದ ಹೆಂಗಸು, ಬಾಲಿಶವಾಗಿ. ಕಬ್ಬಿಗಾಗಿ ಅತ್ತೆನೋ, ಸಿಸ್ಟರ್ ಬರ್ನಡೀನ್‌ಗಾಗಿ ಅತ್ತೆನೋ, ಐ ಡೋಂಟ್ ನೋ.

ಸ್ಪರ್ಧೆಯಂತೂ ನಿಲ್ಲಲಿಲ್ಲ. ಡಿಸೆಂಬರಿನ ನಡುವೆ, ಆಳಂದದ ಒಂದು ಸಭಾಂಗಣದಲ್ಲಿ. ಶಾಲೆಯವರು ಟೆಂಪೊ ಮಾಡಿದ್ದರು, ಮನೆಯವರೂ ಬಂದರು. ಸಿದ್ದಣ್ಣ ಮುಂದೆ ಡ್ರೈವರನ ಪಕ್ಕ, ಕಾಶಮ್ಮಾಯಿ ಹಿಂದೆ ಹೆಂಗಸರ ನಡುವೆ. ಮೊಮ್ಮಗಳು ಸ್ಟೇಜಿನ ಮೇಲೆ ಮಾತಾಡುವುದನ್ನು ನೋಡಬೇಕಲ್ಲ? ಹಾಲಿನಲ್ಲೂ ಒಬ್ಬರು ಆ ಮೂಲೆ, ಒಬ್ಬರು ಈ ಮೂಲೆ.

ಜೇವರ್ಗಿಯಿಂದ ಬಂದ ತಂಡ ಮೊದಲು. ಟೈ, ಬೂಟು, ಫೈಲು. ನಲವತ್ತು ನಿಮಿಷದ ಸಭೆಯನ್ನು ಮೂವತ್ತೆಂಟು ನಿಮಿಷಕ್ಕೆ ಠರಾವು ಪಾಸ್ ಮಾಡಿ ಚಪ್ಪಾಳೆಯೊಂದಿಗೆ ಮುಗಿಸಿದರು. ಪರ್ಫೆಕ್ಟ್. ಆಮೇಲೆ ನಮ್ಮವರು.

ಭಾಗ್ಯಾ ಗಿರಿದೇಶದ ಪರವಾಗಿ ಎದ್ದಳು. ನಾನು ಬರೆದುಕೊಟ್ಟ ಭಾಷಣ ಅವಳ ಕೈಯಲ್ಲಿತ್ತು, ಆದರೆ ಓದಲಿಲ್ಲ. "ನಮ್ಮ ದೇಶದಾಗ ಬೆಳಿ ಬಂದದರಿ. ನೋಡಿದ್ರ ಖುಷಿ ಆಗಬೇಕು. ಆದ್ರ ನಮ್ಮಪ್ಪ ಬೆಳಿ ನೋಡಾಕ ಹೋಗೋದನ್ನ ಬಿಟ್ಟಾರ. ನೋಡಿದ್ರ ಹೊಟ್ಟ್ಯಾಗ ಸಂಕಟ ಆಗ್ತದಂತ. ಬೆಳದದ್ದು ನಮ್ಮ ತಪ್ಪೇನ್ರಿ?" ಅಂದಳು. ಭಾಗ್ಯಾಳ ಅಪ್ಪನಿಗೆ ಅಂಥ ಸಂಕಟವೇನೂ ಇರಲಿಲ್ಲ. ಅದು ಅಂಬಿಕಾಳ ಅಪ್ಪನ ಮಾತು. ಯಾವಾಗ ಕೇಳಿಸಿಕೊಂಡಳೋ.

ಸಾಗರದೇಶ ಎದ್ದಿತು. ಅಂಬಿಕಾ ಕೈಯಲ್ಲಿದ್ದ ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟಳು. ಆಮೇಲೆ ಹೇಳಿದಳು: "ನಾವು ದಾರಿ ಕೊಟ್ಟಿದ್ವಿ. ನಲವತ್ತು ವರ್ಷ ಕೊಟ್ಟಿದ್ವಿ. ನೀವು ಒಂದು ದಿನ ಬಂದು ಕುಂತು, ಕಾಕಾ ಹೆಂಗಿದ್ದಾನ ಅಂತ ಕೇಳ್ಲಿಲ್ಲ. ನೋಟಿಸ್ ಕಳಸಿದ್ರಿ. ದಾರಿ ಕೊಟ್ಟವರಿಗಿ ಕಳ್ಳರಿಗಿ ಕಳಸಿದಂಗ ನೋಟಿಸ್ ಕಳಸಿದ್ರಿ."

ಹಾಲಿನಲ್ಲಿದ್ದ ಬೇರೆಯವರಿಗೆ ಇದು ಒಳ್ಳೆ ಆ್ಯಕ್ಟಿಂಗ್. ನನಗೆ ಕಾಶಮ್ಮಾಯಿಯ ಕಡೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಸಿದ್ದಣ್ಣ ಮಾತ್ರ ಕಂಡ. ಹೆಗಲ ಮೇಲಿನ ಟಾವೆಲ್ಲು ಕೈಗೆ ಬಂದಿತ್ತು, ಅದನ್ನು ಹಿಂಡುತ್ತಿದ್ದ.

ಉಳಿದ ದೇಶಗಳು ಏನೇನೋ ಸಲಹೆ ಕೊಟ್ಟವು. ಎರಡೂ ಕಡೆ ಯಾರೂ ಹೂಂ ಅನ್ನಲಿಲ್ಲ. ಗೋಡೆಯ ಗಡಿಯಾರದಲ್ಲಿ ಇನ್ನು ಒಂದೇ ನಿಮಿಷ ಉಳಿದಿತ್ತು. ಆಗ ಅಧ್ಯಕ್ಷೆ ಮೆಹಜಬೀನ್ ತನ್ನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಗೋಡೆಗೆ ಇಟ್ಟಳು. ಹತ್ತಿದಳು. ಗಡಿಯಾರವನ್ನು ಇಳಿಸಿ, ಹಿಂದಿನ ಸೆಲ್ಲನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಗಡಿಯಾರವನ್ನು ಮೊದಲಿನಂತೆ ಮೊಳೆಗೆ ತೂಗುಹಾಕಿದಳು.

ತಪ್ಪು ನನ್ನದೇ. ದೊಡ್ಡ ಸಭೆಗಳಲ್ಲಿ ಮಾತು ಮುಗಿಯುವ ಮೊದಲೇ ಗಡುವು ಮುಗಿಯುವಂತಾದರೆ, ಗಡಿಯಾರ ನಿಲ್ಲಿಸಿಬಿಡುವ ರೂಢಿಯೊಂದಿದೆ, ಕಾಗದದ ಮೇಲೆ ದಿನ ಬದಲಾಗುವುದಿಲ್ಲ, ಮಾತುಕತೆ ಮುಂದುವರಿಯುತ್ತದೆ ಎಂದು ಪ್ರಾಕ್ಟೀಸಿನಲ್ಲಿ ಹೇಳಿದ್ದೆ. ಅವಳು ಅದನ್ನು ಕಾನೂನೆಂದೇ ತಿಳಿದಿದ್ದಳು.

"ಏಯ್! ಏನ್ ಮಾಡಾಕತ್ತಿಬೇ ಅಲ್ಲಿ?" ತೀರ್ಪುಗಾರರಲ್ಲಿ ಒಬ್ಬರು ಎದ್ದೇ ನಿಂತರು.

"ಟೈಮ್ ನಿಲ್ಲಿಸೇನ್ರಿ ಸರ್," ಕುರ್ಚಿಯ ಮೇಲಿಂದಲೇ ಅಧ್ಯಕ್ಷೆ ಹೇಳಿದಳು. "ಇವರದು ಇನ್ನ ಮುಗದಿಲ್ಲ. ಮುಗೀತಂದ್ರ ಸೆಲ್ ವಾಪಸ್ ಹಾಕ್ತೇನಿ."

ಕೂತವರೆಲ್ಲ ಬಿದ್ದುಬಿದ್ದು ನಕ್ಕರು. ನಮಗೆ ಕೊನೆಯ ಸ್ಥಾನ. ಸಭಾಂಗಣದ ಸೊತ್ತನ್ನು ಮುಟ್ಟಿದ್ದಕ್ಕೆ ಬೈಗುಳ ಬೇರೆ. ಮಕ್ಕಳನ್ನು ಊರು ಮುಟ್ಟಿಸಲೆಂದು ನಾನೂ ಟೆಂಪೊ ಹತ್ತಿದೆ. ವಾಪಸು ಹೋಗುವಾಗ ಮಕ್ಕಳಿಗೆ ಒಂದಿಷ್ಟೂ ಬೇಸರವಿರಲಿಲ್ಲ, ಚುರುಮುರಿ ತಿನ್ನುತ್ತ ಮೆಹಜಬೀನಳ ಅಭಿನಯವನ್ನು ಮತ್ತೆ ಮತ್ತೆ ಮಾಡಿ ತೋರಿಸುತ್ತಿದ್ದರು. ಕಾಶಮ್ಮಾಯಿ ನನ್ನ ಪಕ್ಕಕ್ಕೆ ಸರಿದು, ಮುಂದೆ ನೋಡುತ್ತಲೇ ಕೇಳಿದಳು: "ಆ ಸಿದ್ದ್ಯಾನ ಮಗಳಿಗಿ ಆ ಮಾತು ಯಾರು ಬರದು ಕೊಟ್ಟಿದ್ರು?"

"ಯಾರೂ ಬರೆದು ಕೊಟ್ಟಿಲ್ಲ, ಆಯಿ. ನಾನು ಬರೆದದ್ದು ಬೇರೆ ಇತ್ತು."

"ಹೂಂ," ಅಂದಳು.

ಕಬ್ಬು ಕಡಿಯುವ ಗ್ಯಾಂಗು ಅದೇ ವಾರ ಊರಿಗೆ ಬಂತು. ಮರಾಠಿ ಮಂದಿ. ಶಾಲೆಯ ಹಿಂದಿನ ಬಯಲಿನಲ್ಲಿ ಗುಡಿಸಲು ಹಾಕಿದರು. ಕಾರ್ಖಾನೆಯಿಂದ ಸಿದ್ದಣ್ಣನ ಹೆಸರಿಗೂ ಕಟಾವಿನ ಚೀಟಿ ಬಂದಿತ್ತು. ಗ್ಯಾಂಗಿನ ಮುಖಂಡ ಬಂದು ದಾರಿ ನೋಡಿದ, ಮುಳ್ಳು ನೋಡಿದ, ಎಳ್ಳಮಾವಾಸ್ಯೆಯ ಮರುದಿನದವರೆಗೆ ಕಾಯುತ್ತೇವೆ, ಆಮೇಲೆ ಬೇರೆ ಊರಿಗೆ ಹೋಗುತ್ತೇವೆ ಅಂದ.

ಎಳ್ಳಮಾವಾಸ್ಯೆ ಎಂದರೆ ನಮ್ಮ ಕಡೆ ಏನೆಂದು ಹೊರಗಿನವರಿಗೆ ಹೇಳಬೇಕು. ಅವತ್ತು ಊರಿನಲ್ಲಿ ಯಾರೂ ಇರುವುದಿಲ್ಲ. ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಇದ್ದಬದ್ದ ಸೊಪ್ಪು ಹಸಿಕಾಳು ಎಲ್ಲ ಹಾಕಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ, ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಬೆಳೆ ಹೊತ್ತ ಭೂಮಿ ಬಸುರಿ ಇದ್ದಂತೆ, ಅವಳಿಗೆ ಉಣಿಸುವ ದಿನ. ಒಂದೊಂದು ತುತ್ತನ್ನು ಹೊಲದ ಸುತ್ತ ಎರಚಿ ಚರಗ ಚೆಲ್ಲುತ್ತಾರೆ. ಹಾದು ಹೋಗುವವರನ್ನೆಲ್ಲ ಕರೆದು ಉಣಿಸುತ್ತಾರೆ. ಜಾತಿ ಕೇಳುವುದಿಲ್ಲ, ಜಗಳ ಕೇಳುವುದಿಲ್ಲ. ಕಾಶಮ್ಮಾಯಿ ನನ್ನನ್ನೂ ಕರೆಸಿದ್ದಳು, ಭಾಗ್ಯಾಳನ್ನು ಕಳಿಸಿ. "ಆಯಿ ಹೇಳ್ಯಾಳರಿ, ಕಾಗದ ಬಿಟ್ಟು ಬರ್ರಿ ಅಂತ."

ಹೊಲಕ್ಕೆ ಹೋದರೆ ದಾರಿಯ ಬಾಯಿ ತೆರೆದಿತ್ತು! ಮುಳ್ಳು ಪಕ್ಕಕ್ಕೆ ಬಿದ್ದಿತ್ತು. ಬೇವಿನ ಗಿಡದ ಕೆಳಗೆ ನಾವು ಕೂತಿದ್ದಾಗ, ಸಿದ್ದಣ್ಣನ ಹೆಂಡತಿ ತಲೆಯ ಮೇಲೆ ಬುಟ್ಟಿ ಹೊತ್ತು, ಹಿಂದೆ ಅಂಬಿಕಾ ನೀರಿನ ಕೊಡ ಹಿಡಿದು, ಅದೇ ದಾರಿಯಲ್ಲಿ ಒಳಗಿನ ಹೊಲಕ್ಕೆ ನಡೆದು ಹೋದರು.

"ಏ, ಉಂಡು ಹೋಗ್ರೇ" ಎಂದು ಕಾಶಮ್ಮಾಯಿ ಕೂಗಿದಳು.

"ಚರಗ ಚೆಲ್ಲಿ ಬರ್ತೇವ್ರಿ ಕಾಕಿ."

ನಾನು ದಂಗಾದೆ. "ಇದೇನು ಆಯಿ?"

"ಇವತ್ತೊಂದು ದಿನ ಪ್ರತಿ ವರ್ಷ ತಗೀತೇನಲ್ಲ. ಅಮಾಸಿ ಬುಟ್ಟಿ ತಡದ್ರ ಭೂಮ್ತಾಯಿ ಉಪಾಸ ಇರ್ತಾಳ. ತಡದ ಪಾಪ ಯಾರಿಗಿ?" ಎಂದು ನನ್ನ ತಾಟಿಗೆ ಇನ್ನೊಂದು ಸೌಟು ಭಜ್ಜಿ ಹಾಕಿದಳು. "ನಾಳಿ ಮುಂಜಾನೆ ಮತ್ತ ಹಚ್ತೇವಿ. ಈ ಭಾಗ್ಯಾನ ಕೆಲಸ ಅದು."

ನಾನು ಮೂರು ಪುಟ ಬರೆದದ್ದು ನೆನಪಾಗಿ ನಾಚಿಕೆಯಾಯಿತು. ಇಲ್ಲಿ ಬರೆಯದ ಕಾನೂನೊಂದು ಮೊದಲೇ ಇತ್ತು, ನಾನು ಕೇಳಿಯೇ ಇರಲಿಲ್ಲ. ಕೇಳುವುದು ಬಿಟ್ಟು ಓದಿ ಹೇಳಲು ಹೋಗಿದ್ದೆ. ಆದರೆ ಆ ಕಾನೂನಿಗೆ ಒಂದೇ ದಿನದ ಆಯುಷ್ಯ, ಕಬ್ಬಿಗೆ ಅದು ಸಾಲದು.

ಆ ರಾತ್ರಿ ಹೆಡ್ ಮೇಡಂ ಮನೆಯಲ್ಲೇ ಉಳಿದೆ. ಬೆಳಿಗ್ಗೆ ತಡೆಯಲಾರದೆ, ಶಾಲು ಹೊದ್ದುಕೊಂಡು ಇಬ್ಬರೂ ಹೊಲದ ಕಡೆ ಹೋದೆವು. ಬಿಸಿಲು ಆಗಷ್ಟೆ ಬಿದ್ದಿತ್ತು. ದಾರಿಯ ಒಂದು ಕಡೆ ಕಾಶಮ್ಮಾಯಿ, ಸೊಂಟದ ಮೇಲೆ ಕೈ. ಅವಳ ಮುಂದೆ ಭಾಗ್ಯಾ, ಕೈ ಕಟ್ಟಿಕೊಂಡು. ಮುಳ್ಳಿನ ಹೊರೆ ನಿನ್ನೆ ಬಿದ್ದಲ್ಲೇ ಬಿದ್ದಿತ್ತು. ಆ ಕಡೆ ಮೂರು ಬಂಡಿಗಳೊಂದಿಗೆ ಗ್ಯಾಂಗಿನವರು, ಸಿದ್ದಣ್ಣ, ಅವನ ಹೆಂಡತಿ, ಅಂಬಿಕಾ. ಯಾರೂ ಏನೂ ಕೇಳುತ್ತಿರಲಿಲ್ಲ.

"ಮುಳ್ಳು ಯಾಕ ಹಚ್ಚಿಲ್ಲಬೇ?"

"ಅಮಾಸಿ ಇನ್ನ ಮುಗದಿಲ್ಲ ಆಯಿ."

"ಹುಚ್ಚಿ, ಕ್ಯಾಲೆಂಡರ್‌ದಾಗ ನಿನ್ನೇನ ಮುಗೀತು."

"ಸೆಲ್ ತಗದೇವಿ."

ಕಾಶಮ್ಮಾಯಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಮುಖ ಗಂಟಿಕ್ಕಿಯೇ ಇತ್ತು, ಆದರೆ ಹೊಟ್ಟೆ ಅಲುಗಾಡಲು ಶುರುವಾಯಿತು. ಸೆರಗು ಬಾಯಿಗೆ ಒತ್ತಿಕೊಂಡಳು. "ಅಮಾಸಿಗಿ ಸೆಲ್ ಎಲ್ಲಿರ್ತದಬೇ ಹಾಳಾದಾಕಿ?" ಎಂದವಳೇ ನಕ್ಕೇಬಿಟ್ಟಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಆಮೇಲೆ ಬಹಳ ಹೊತ್ತು ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು.

ಸಿದ್ದಣ್ಣ ಎರಡು ಹೆಜ್ಜೆ ಮುಂದೆ ಬಂದ. ಕಬ್ಬಿನ ಸುದ್ದಿ ಎತ್ತಲಿಲ್ಲ. "ಕಾಕಿ," ಅಂದ, "ಕಾಕಾ ಮಲಗಿದಾಗ ನಾ ಬಂದು ನೋಡಬೇಕಿತ್ತು. ಬರ್ಲಿಲ್ಲ. ಮಾರಿ ತೋರಸಾಕ ಆಗಲಿಲ್ಲ. ತಪ್ಪಾಯ್ತು."

ಅವಳು ಒಳಗಿನ ಹೊಲದ ಕಬ್ಬಿನ ಕಡೆ ತಿರುಗಿ ನೋಡಿದಳು. "ಎಷ್ಟ್ ದಿನದ ಕಟಾವು ಅದನೋ ಅದು?"

"ಎಂಟು ದಿನರಿ."

"ಹಂಗಾರ ನಮ್ಮ ಹೊಲದಾಗ ಎಂಟು ದಿನ ಅಮಾಸಿ ಅದ," ಎಂದು ಎಲ್ಲರಿಗೂ ಕೇಳುವಂತೆ ಸಾರಿದಳು. "ಆದ್ರ ಅಮಾಸಿಗಿ ಬುಟ್ಟಿ ಇಲ್ದ ಯಾರೂ ಹಾಯಂಗಿಲ್ಲ. ಮುಂದ ಬುಟ್ಟಿ, ಹಿಂದ ಬಂಡಿ. ಖಾಲಿ ಬಂಡಿ ಬಿಡಂಗಿಲ್ಲ ನೋಡು, ಈಗ ಹೇಳೇನಿ."

ಸಿದ್ದಣ್ಣನ ಹೆಂಡತಿ ಆಗಲೇ ಊರ ಕಡೆ ಓಡುತ್ತಿದ್ದಳು, ರಾತ್ರಿಯ ಕಡುಬು ಉಳಿದಿದೆಯೋ ಇಲ್ಲವೋ ನೋಡಲು.

ಹೀಗೆ ನರೋಣಾದ ಒಂದು ಹೊಲದಲ್ಲಿ ಅಮಾವಾಸ್ಯೆ ಎಂಟು ದಿನ ನಡೆಯಿತು. ಆಕಾಶದಲ್ಲಿ ಚಂದ್ರ ಬೆಳೆಯುತ್ತಲೇ ಇದ್ದ, ಅವನಿಗೆ ಯಾರೂ ಹೇಳಿರಲಿಲ್ಲ. ಮೊದಲೆರಡು ದಿನ ಬುಟ್ಟಿಯಲ್ಲಿ ಹೋಳಿಗೆ, ಭಜ್ಜಿ. ಐದನೆಯ ದಿನಕ್ಕೆ ಬರೀ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. "ಅಮಾಸಿ ಬಡವಾಗಾಕತ್ತದ" ಎಂದು ಕಾಶಮ್ಮಾಯಿ ಕುಟುಕಿದಳು, ಆದರೂ ಉಂಡಳು. ಗ್ಯಾಂಗಿನ ಹೆಂಗಸರೂ ಕೂತು ಉಂಡರು. ಶಾಲೆ ಬಿಟ್ಟ ಮೇಲೆ ಅಧ್ಯಕ್ಷೆ ಸಮೇತ ಎಲ್ಲ ದೇಶಗಳೂ ಬಂದು ಕಬ್ಬು ಸಿಗಿದು ತಿಂದವು. ಭಾಗ್ಯಾ ಅಂಬಿಕಾ ಇಬ್ಬರೂ ಒಂದೇ ಜಲ್ಲೆಯನ್ನು ಮುರಿದು ಹಂಚಿಕೊಂಡು, ಏನೋ ಗುಸುಗುಸು ಮಾತಾಡುತ್ತ ಬದುವಿನ ಮೇಲೆ ಕೂತಿರುತ್ತಿದ್ದರು. ನಾನು ದಿನಾ ಹೋದೆ. ನನಗಲ್ಲಿ ಕೆಲಸವೇನೂ ಇರಲಿಲ್ಲ. ಅಷ್ಟು ಕೆಲಸವಿಲ್ಲದೆ ಅಷ್ಟು ಸುಖವಾಗಿ ನಾನು ಬದುಕಿನಲ್ಲಿ ಕೂತದ್ದು ಕಡಿಮೆ.

ಒಂಬತ್ತನೆಯ ದಿನ ಮುಳ್ಳು ವಾಪಸು ಹಚ್ಚಿದರೇ ಎಂದು ನೀವು ಕೇಳಬಹುದು. ಹಚ್ಚಿದರು. ಕೇಸು ಕೂಡ ಇನ್ನೂ ನಡೆದೇ ಇದೆ. ಇಬ್ಬರಿಗೂ ಅದನ್ನು ಬಿಡುವ ಮನಸ್ಸಿಲ್ಲ. ತಾರೀಖಿನ ದಿನ ಒಂದೇ ಬಸ್ಸಿಗೆ ಆಳಂದಕ್ಕೆ ಬಂದು, ಕೋರ್ಟಿನ ಹೊರಗೆ ಒಂದೇ ಗಿಡದ ಕೆಳಗೆ ಬುತ್ತಿ ಬಿಚ್ಚುತ್ತಾರೆ. ಅಮಾವಾಸ್ಯೆ ಮಾತ್ರ ಪ್ರತಿ ವರ್ಷ ಕಬ್ಬಿನ ಅಳತೆಗೆ ತಕ್ಕಷ್ಟು ಉದ್ದವಾಗುತ್ತದೆ. ಹೋದ ವರ್ಷ ಮಳೆ ಚೆನ್ನಾಗಿತ್ತು, ಹನ್ನೊಂದು ದಿನ ನಡೆಯಿತಂತೆ. ಇದಕ್ಕೆ ಶಾಂತಿ ಎನ್ನುತ್ತಾರೋ, ಬರೀ ಕದನವಿರಾಮ ಎನ್ನುತ್ತಾರೋ, ದೊಡ್ಡ ಸಭೆಗಳಲ್ಲಿ ಕೂತವರು ಹೇಳಲಿ. ನನಗಂತೂ ಸಾಕು.

ಆ ಎಂಟನೆಯ ದಿನದ ಸಂಜೆ ನನ್ನ ಕಣ್ಣ ಮುಂದೆ ಹಾಗೇ ಇದೆ. ಕೊನೆಯ ಬಂಡಿ. ಗ್ಯಾಂಗಿನವರು ಉಳಿದದ್ದನ್ನೆಲ್ಲ ಒಂದೇ ಹೊರೆಗೆ ಹೇರಿಬಿಟ್ಟಿದ್ದರು. ಕಬ್ಬು ಎರಡೂ ಕಡೆ ಚಾಚಿಕೊಂಡು, ದಾರಿಯ ತಿರುವಿಗೆ ಬಂದಾಗ ಬಂಡಿ ಸಿಕ್ಕಿಹಾಕಿಕೊಂಡಿತು. ಮುಂದೆ ಹೋದರೆ ಒಳಗಿನ ಗಾಲಿ ಕಾಶಮ್ಮಾಯಿಯ ಕಡಲೆಯ ಮೇಲೆ ಹಾಯಬೇಕು. ಬಂಡಿ ಹೊಡೆಯುವವನು ಎತ್ತು ನಿಲ್ಲಿಸಿ ಸಿದ್ದಣ್ಣನ ಮುಖ ನೋಡಿದ. ಸಿದ್ದಣ್ಣ ಗಾಬರಿಯಾಗಿ, "ಇಳಸ್ರೋ, ಅರ್ಧ ಇಳಸ್ರಿ, ತಲಿ ಮ್ಯಾಲ ಹೊರೋಣು" ಎಂದು ಹಗ್ಗ ಬಿಚ್ಚಲು ಹೋದ.

ಕಾಶಮ್ಮಾಯಿ ಕೂತಲ್ಲಿಂದ ಎದ್ದಳು. ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಿರುವಿನ ಹತ್ತಿರ ಕಡಲೆ ಸಾಲಿಗೆ ಇಳಿದು, ಬಗ್ಗಿ, ಕಾಯಿ ತುಂಬಿದ ಗಿಡಗಳನ್ನು ಎರಡೂ ಕೈಯಿಂದ ಬೇರು ಸಮೇತ ಕೀಳತೊಡಗಿದಳು.

"ಕಾಕಿ, ಬ್ಯಾಡ್ರಿ! ಕೈಗಿ ಬಂದ ಬೆಳಿ ಅದು!"

"ನೀ ಎತ್ತು ಹಿಡಿ, ಸುಮ್ಕ."

ನಾಲ್ಕು ಸಾಲು ಕಿತ್ತಳು. ಕಿತ್ತ ಗಿಡಗಳನ್ನು ಬಾಚಿ ತಂದು ಎತ್ತುಗಳ ಮುಂದೆ ಹಾಕಿದಳು. ಅವು ಕತ್ತು ಬಗ್ಗಿಸಿ ತಿನ್ನತೊಡಗಿದಾಗ, ಒಂದರ ಹಣೆಯ ಮೇಲೆ ಕೈಯಿಟ್ಟು, ತಿಂದು ಮುಗಿಸುವವರೆಗೆ ಬಂಡಿ ಬಿಡಲಿಲ್ಲ. ಆಮೇಲೆ ಹಿಂದೆ ಸರಿದು, ಬರಿದಾದ ಆ ಮಣ್ಣಿನ ಮೇಲೆ ನಿಂತು ಕೈ ಎತ್ತಿದಳು.

"ಹೂಂ, ಹೊಡಿ. ಎಡಕ್ಕ... ಇನ್ನ ಜರಾ ಎಡಕ್ಕ. ಹೆದರಬ್ಯಾಡಲೇ, ಜಾಗಾ ಅದ. ಬಾ, ಬಾ, ಬಾ."